ನಾಗಚೌತಿಯ ದಿನ ಒತ್ತಿದ ಗುಂಡಿ

2013ರ ಆಗಸ್ಟ್ 25, ರವಿವಾರ. ಹುಬ್ಬಳ್ಳಿಯಿಂದ ಬೇಂದ್ರೆ ಬಸ್ಸು ಹಿಡಿದು ಧಾರವಾಡಕ್ಕೆ ಬಂದ ಹುಡುಗ ಜಿಟಿಜಿಟಿ ಮಳೆಯಲ್ಲೇ ಮಾಳಮಡ್ಡಿಯ ದಾರಿ ಹಿಡಿದ. ಇಪ್ಪತ್ನಾಲ್ಕರ ವಯಸ್ಸು, ಹುಬ್ಬಳ್ಳಿಯ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ, ಹೆಗಲ ಚೀಲದಲ್ಲಿ ಎರಡು ಪೆನ್‌ಡ್ರೈವ್. ಹಿಂದಿನ ರಾತ್ರಿ ಪುಣೆಯಿಂದ ಕಾಕಾನ ಮಗಳು ಫೋನ್ ಮಾಡಿದ್ದಳು.

"ಎರಡ ರವಿವಾರ ಆತು ನೋಡು, ಅಪ್ಪಾ ಸ್ಕೈಪ್‌ಗೆ ಬಂದಿಲ್ಲ. ಕೇಳಿದ್ರ ಕಂಪ್ಯೂಟರ್ ಕೆಟ್ಟದ ಅಂತಾರ. ಏನಾಗ್ಯದ ಅಂದ್ರ ಮಾತ ಬದಲಸ್ತಾರ. ನೀ ಒಮ್ಮೆ ಹೋಗಿ ಬಾರೋ."

ಕಾಕಾ ನಿವೃತ್ತ ಗಣಿತ ಶಿಕ್ಷಕರು, ಓಣಿಗೆಲ್ಲ ಮಾಸ್ತರು. 2006ರಲ್ಲಿ ನಿವೃತ್ತರಾಗುವವರೆಗೆ ಮೂವತ್ತನಾಲ್ಕು ವರ್ಷ ಹೈಸ್ಕೂಲಿನ ಮಕ್ಕಳಿಗೆ ಬೀಜಗಣಿತ, ರೇಖಾಗಣಿತ ಕಲಿಸಿದವರು. ವನವಾಸಿ ರಾಮಮಂದಿರ, ರಾಯರ ಮಠ, ಸ್ಟೇಶನ್ನಿನಿಂದ ತೇಲಿಬರುವ ರೈಲಿನ ಸೀಟಿ, ಇವುಗಳ ನಡುವೆ ಮಾಳಮಡ್ಡಿಯಲ್ಲಿ ಅವರದರಂಥ ಮನೆಗಳು ಸಾಕಷ್ಟಿವೆ. ಮಕ್ಕಳು ದೂರದ ಊರು ಸೇರಿದ್ದಾರೆ, ಮನೆಯಲ್ಲಿ ಹಿರಿಯರಿಬ್ಬರೇ. ಇಂಥ ಮನೆಗಳಿಗೆ ಕಂಪ್ಯೂಟರ್ ಬಂದದ್ದು ಬಹುಮಟ್ಟಿಗೆ ಮೊಮ್ಮಕ್ಕಳ ಮುಖ ನೋಡುವುದಕ್ಕಾಗಿ. ಮಾಸ್ತರ ಮನೆಗೆ ಬಂದದ್ದು 2010ರಲ್ಲಿ. ಹುಬ್ಬಳ್ಳಿಯಲ್ಲಿ ಬಿಡಿಭಾಗ ಕೂಡಿಸಿ ಕಟ್ಟಿಸಿದ ಯಂತ್ರ, ಅದರಲ್ಲಿ ವಿಂಡೋಸ್ 7, ಟೆಲಿಫೋನಿನ ತಂತಿಯ ಮೇಲೆಯೇ ಬರುವ ಬ್ರಾಡ್‌ಬ್ಯಾಂಡ್.

ಆ ರವಿವಾರ ಹುಡುಗ ಪಡಸಾಲೆಗೆ ಕಾಲಿಟ್ಟಾಗ ಕಂಪ್ಯೂಟರ್ ಕಾಣಲಿಲ್ಲ. ಕಾಕುವಿನ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಮಾನಿಟರ್, ಸಿಪಿಯು ಎರಡಕ್ಕೂ ಸೇರಿಸಿ ಹೊದಿಸಿದ್ದರು. ಗೋಡೆಯ ಪ್ಲಗ್ ಕಿತ್ತಿತ್ತು. ಮೊಡೆಮ್‌ನ ಹಿಂದಿನಿಂದ ಟೆಲಿಫೋನ್ ತಂತಿಯನ್ನೂ ತೆಗೆದು, ಸುರುಳಿ ಸುತ್ತಿ, ರಬ್ಬರ್ ಹಾಕಿ ಇಟ್ಟಿದ್ದರು. ಸೂತಕದ ಮನೆಯ ಮೂಲೆಯಂತೆ ಕಂಡಿತು ಎಂದು ಅವನು ಈಗಲೂ ನೆನೆಯುತ್ತಾನೆ.

ಅಲ್ಲಿ ಅವನು ಮಾಡಿದ ತಪ್ಪನ್ನು ಮೊದಲೇ ಹೇಳಬೇಕು. ಚಪ್ಪಲಿ ಬಿಟ್ಟು ಒಳಗೆ ಬಂದವನು ಕಾಲು ತೊಳೆಯುವ ಮೊದಲೇ ಕೇಳಿದ: "ಏನ ಒತ್ತಿದ್ರಿ ಕಾಕಾ? ಎಲ್ಲೆರ ಹೋಗಿ ಏನರ ಒತ್ತಿರತೀರಿ."

"ನಾ ಏನೂ ಒತ್ತಿಲ್ಲಪಾ," ಎಂದು ಮಾಸ್ತರು ಪೇಪರು ಎತ್ತಿಕೊಂಡರು. ಆಮೇಲೆ ಎರಡು ತಾಸು ಅವರಿಂದ ಒಂದು ಮಾತೂ ಹೊರಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳನ್ನು ಹೀಗೆಯೇ ಕೇಳಿ ಅವನಿಗೆ ರೂಢಿಯಾಗಿತ್ತು. ಅವರಲ್ಲಿ ಹತ್ತಕ್ಕೆ ಎಂಟು ಜನ ಇದೇ ಉತ್ತರ ಕೊಡುತ್ತಿದ್ದರು. ಆ ಉತ್ತರ ಪ್ರಶ್ನೆಯ ಧಾಟಿಯಿಂದಲೇ ಹುಟ್ಟುತ್ತದೆ ಎನ್ನುವುದು ಅವನಿಗೆ ಹೊಳೆದದ್ದು ಆ ದಿನ ಸಂಜೆಗೆ.

ಪ್ಲಗ್ ಹಾಕಿ ಗುಂಡಿ ಒತ್ತಿದಾಗ ಯಂತ್ರವೇನೋ ಎದ್ದಿತು. ಕ್ರೋಮ್ ತೆರೆದರೆ ಎಂದಿನ ಗೂಗಲ್ ಪುಟದ ಬದಲು ಕಂಡರಿಯದ ಒಂದು ಹುಡುಕು ಪುಟ. ನಡುವೆ ದೊಡ್ಡ ಪೆಟ್ಟಿಗೆ, ಕೆಳಗೆ ಬಣ್ಣಬಣ್ಣದ ಚಿತ್ರಗಳು. ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆರೆದರೆ ಅದೇ ಪುಟ, ಜೊತೆಗೆ ಮೇಲ್ಗಡೆ ಒಂದು ಹೊಸ ಪಟ್ಟಿ: ಹವಾಮಾನ, ಆಟ, ಕೂಪನ್. 'ಧಾರವಾಡ ಹವಾಮಾನ' ಎಂದು ಟೈಪಿಸಿದರೆ ಮೊದಲ ಆರು ಸಾಲೂ ಜಾಹೀರಾತು. ಯಾವುದೋ ಪುಟ ಓದುತ್ತಿದ್ದಂತೆ ಹಿಂದಿನಿಂದ ಇನ್ನೊಂದು ಕಿಟಕಿ ತೆರೆದುಕೊಂಡು, ಅರೆಬೆತ್ತಲೆ ಚಿತ್ರದ ಜಾಹೀರಾತು ಮುಖಕ್ಕೆ ರಾಚಿತು. ಮಾಸ್ತರು ಕುರ್ಚಿಯಿಂದೆದ್ದು ಅಂಗಳಕ್ಕೆ ಹೋಗಿ ಪಾರಿಜಾತದ ಗಿಡದ ಬಳಿ ನಿಂತರು. ಅವರು ಕಂಪ್ಯೂಟರಿಗೆ ಸೀರೆ ಹೊದಿಸಿದ್ದು ಯಾಕೆಂದು ಹುಡುಗನಿಗೆ ಆಗ ಅರ್ಧ ತಿಳಿಯಿತು. ಸಂಜೆ ಮನೆಗೆ ಲೆಕ್ಕ ಹೇಳಿಸಿಕೊಳ್ಳಲು ಓಣಿಯ ಹುಡುಗಿಯರು ಬರುತ್ತಿದ್ದರು.

ಅವನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವಂಥದ್ದೇ. ಸೆಟ್ಟಿಂಗ್ಸ್‌ಗೆ ಹೋಗಿ ಹೋಮ್‌ಪೇಜ್ ಬದಲಿಸಿದ. ಮುಚ್ಚಿ ತೆರೆದ; ಆ ಪುಟವೇ ಬಂತು. ಮತ್ತೆ ಬದಲಿಸಿ ಯಂತ್ರವನ್ನೇ ಆರಿಸಿ ಹಚ್ಚಿದ, ಮತ್ತೆ ಅದೇ. ಮನೆಯ ಹೆಸರಿನ ಹಲಗೆಯನ್ನು ನಾವು ತಿರುಗಿಸಿ ಹಾಕುವುದು, ಒಳಗೆ ಕೂತ ಯಾರೋ ಅದನ್ನು ಮತ್ತೆ ತಿರುಗಿಸುವುದು. ಬ್ರೌಸರ್ ಅಪಹರಣದ ಗುರುತೇ ಇದು. ಕೆಟ್ಟ ಪುಟ ಒಮ್ಮೆ ಬಂದು ಹೋದರೆ ಅದು ಕಿರಿಕಿರಿ ಅಷ್ಟೆ. ಸರಿಪಡಿಸಿದ್ದನ್ನು ಮತ್ತೆ ಕೆಡಿಸುವ ಕೈಯೊಂದು ಒಳಗಿದ್ದರೆ ಮಾತ್ರ ಅಪಹರಣ.

"ಇದಕ್ಕ ಬ್ರೌಸರ್ ಹೈಜ್ಯಾಕ್ ಅಂತಾರ ಕಾಕಾ," ಎಂದ ಹುಡುಗ.

ಮಾಸ್ತರ ಮುಖ ಬಿಳಿಚಿತು. ಅವರ ತಲೆಮಾರಿಗೆ ಆ ಶಬ್ದ ಅಂದರೆ 1999ರ ಡಿಸೆಂಬರ್ 24, ಕಾಠ್ಮಂಡುವಿನಿಂದ ಹೊರಟು ಕಂದಹಾರದಲ್ಲಿ ಇಳಿದ ವಿಮಾನ, ವರ್ಷದ ಕೊನೆಯ ದಿನದವರೆಗೆ ಟಿವಿ ಮುಂದೆ ಕಳೆದ ಎಂಟು ದಿನ. ತಂತ್ರಜ್ಞಾನದವರು ಲಘುವಾಗಿ ಬಳಸುವ ಒಂದು ಮಾತು ಮನೆಯೊಳಗೆ ಬಂದರೆ ಎಷ್ಟು ಭಾರವಾಗುತ್ತದೆ ಎಂದು ಅವನು ಯೋಚಿಸಿರಲಿಲ್ಲ. ಹಾಗಲ್ಲ ಎಂದು ತಿಳಿಸಿ ಹೇಳಬೇಕಾಯಿತು. ಇದರ ಹಿಂದಿರುವುದು ಬಂದೂಕಲ್ಲ, ವ್ಯಾಪಾರ. ನೀವು ಏನನ್ನೇ ಹುಡುಕಿದರೂ ಅದನ್ನು ತಮ್ಮ ಪುಟದ ಮೂಲಕ ಹಾಯಿಸಿ, ಜಾಹೀರಾತು ತೋರಿಸಿ, ಒಂದೊಂದು ಕ್ಲಿಕ್ಕಿಗೂ ಒಂದಿಷ್ಟು ಕಾಸು ಎಣಿಸಿಕೊಳ್ಳುತ್ತಾರೆ. ಒಂದು ಕಂಪ್ಯೂಟರಿನೊಳಗೆ ತಮ್ಮ ಪ್ರೋಗ್ರಾಮ್ ಸೇರಿಸಿದವರಿಗೆ ತಲೆಗಿಷ್ಟು ಎಂದು ದಲಾಲಿಯೂ ಉಂಟು. ಒಬ್ಬೊಬ್ಬರಿಂದ ಸಿಗುವುದು ಪುಡಿಗಾಸು. ಕೋಟಿ ಮನೆ ಹೊಕ್ಕರೆ ದೊಡ್ಡ ಗಂಟು.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪ್ರೋಗ್ರಾಮುಗಳ ಪಟ್ಟಿ ತೆಗೆದು, 'ಇನ್‌ಸ್ಟಾಲ್ಡ್ ಆನ್' ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದಾಗ ಪಟ್ಟಿ ದಿನಾಂಕದ ಪ್ರಕಾರ ಸಾಲುಗಟ್ಟಿತು. ತುದಿಯಲ್ಲಿ ಐದು ಹೆಸರು, ಐದಕ್ಕೂ ಒಂದೇ ದಿನಾಂಕ: ಆಗಸ್ಟ್ 10. ಒಂದು ಪಿಡಿಎಫ್ ಮಾಡುವ ಪ್ರೋಗ್ರಾಮ್. ಒಂದು ಟೂಲ್‌ಬಾರ್. ಒಂದು 'ಹುಡುಕಾಟದ ರಕ್ಷಕ'. ಒಂದು ಕೂಪನ್ ತೋರಿಸುವುದು. ಇನ್ನೊಂದು ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇನೆ ಎಂದು ಸಾವಿರಾರು 'ದೋಷ' ಎಣಿಸಿ ತೋರಿಸಿ ದುಡ್ಡು ಕೇಳುವುದು.

"ಆಗಸ್ಟ್ ಹತ್ತಕ್ಕ ಏನ ಮಾಡಿದ್ರಿ ಕಾಕಾ?" ಈ ಸಲ ದನಿ ತಗ್ಗಿತ್ತು. ಮಾಸ್ತರು ಸುಮ್ಮನಿದ್ದರು. ಉತ್ತರ ಬಂದದ್ದು ಅಡುಗೆಮನೆಯಿಂದ.

"ಹತ್ತಂದ್ರ ನಾಗಚೌತಿ ಅಲ್ಲೇನು? ನಾ ಪಂಚಮಿಗೆ ಉಂಡಿ ಕಟ್ಟಲಿಕ್ಕೆ ಹತ್ತಿದ್ದೆ. ಇವರು ಅಕ್ಕಗ ಏನೋ ಕಳಸಬೇಕಂತ ಮುಂಜಾನಿಂದ ಅದರ ಮುಂದನ ಕೂತಿದ್ರು. ಶೇಂಗಾದ ಉಂಡಿ ಕೈಯಾಗ ಕೊಟ್ರೂ ತಿನ್ನಲಿಲ್ಲ."

ಕಾಕು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದರು. ಗಂಡನ ಮುಖ ನೋಡಿ, "ಆ ವಹಿ ತೋರಿಸ್ರಿ ಅವಗ," ಎಂದರು. "ಅವ ನಮ್ಮ ಹುಡುಗ ಅಲ್ಲೇನು?"

ಮಾಸ್ತರು ಒಳಗೆ ಹೋಗಿ ಕಪಾಟಿನಿಂದ ನೂರು ಪುಟದ ಗೆರೆಯ ನೋಟ್‌ಬುಕ್ಕೊಂದನ್ನು ತಂದರು.

ಅದರ ವಿಷಯ ತುಸು ವಿವರವಾಗಿಯೇ ಹೇಳಬೇಕು. ಬ್ರೌನ್ ಪೇಪರಿನ ರಟ್ಟು, ಮೇಲೆ ಚೀಟಿ, ಚೀಟಿಯಲ್ಲಿ ಮಾಸ್ತರ ದುಂಡನೆಯ ಅಕ್ಷರದಲ್ಲಿ 'ಗಣಕಯಂತ್ರ' ಎಂದು. ಎಡಬದಿಗೆ ಕೆಂಪು ಗೆರೆ ಎಳೆದು ತಾರೀಖು, ಹೊತ್ತು. ಬಲಬದಿಗೆ ಮಾಡಿದ ಕೆಲಸ. ಮೂರು ವರ್ಷ ಯಂತ್ರದ ಮುಂದೆ ಕೂತಾಗಲೆಲ್ಲ ಅವರು ಬರೆದಿಟ್ಟಿದ್ದರು, ಪ್ರಮೇಯದ ಸಾಧನೆ ಬರೆದಂತೆ, ಹಂತ ಹಂತವಾಗಿ. ಆಗಸ್ಟ್ 10ರ ಪುಟದಲ್ಲಿ ಹೀಗಿತ್ತು: ಬೆಳಿಗ್ಗೆ ಹತ್ತೂಕಾಲಿಗೆ 'ಉಚಿತ ಪಿಡಿಎಫ್' ಹುಡುಕಿದೆ. ಮೂರನೆಯ ಪುಟ ತೆರೆದೆ. ಎರಡು ಡೌನ್‌ಲೋಡ್ ಗುಂಡಿ ಇದ್ದವು, ದೊಡ್ಡ ಹಸಿರು ಗುಂಡಿ ಒತ್ತಿದೆ. ಆಮೇಲೆ ನೆಕ್ಸ್ಟ್. ಐ ಅಗ್ರೀ. ನೆಕ್ಸ್ಟ್. ಅಕ್ಸೆಪ್ಟ್. ಅಕ್ಸೆಪ್ಟ್. ನೆಕ್ಸ್ಟ್. ಫಿನಿಶ್. ಅದರ ಕೆಳಗೆ ಒಂದು ಸಾಲು ಬಿಟ್ಟು: 'ಮಧ್ಯಾಹ್ನ ಮೂರಕ್ಕೆ ಪುಟ ಬದಲಾಗಿದೆ. ಅಸಹ್ಯ ಚಿತ್ರ ಬಂತು. ಪ್ಲಗ್ ತೆಗೆದೆ.' ಆ ಕೊನೆಯ ಎರಡು ಶಬ್ದದ ಕೆಳಗೆ ಎರಡು ಅಡ್ಡಗೆರೆ ಎಳೆದಿದ್ದರು. ಉತ್ತರ ಬಂದಾಗ ಕಪ್ಪುಹಲಗೆಯ ಮೇಲೆ ಎಳೆಯುತ್ತಿದ್ದಂತೆ.

ಪಿಡಿಎಫ್ ಯಾಕೆ ಬೇಕಾಯಿತು? ಮಾಸ್ತರು ಮಕ್ಕಳಿಗೆಂದು ಗಣಿತದ ಒಗಟುಗಳನ್ನು ಬರೆಯುತ್ತಿದ್ದರು. 'ನುಡಿ' ತಂತ್ರಾಂಶದಲ್ಲಿ ಒಂದೊಂದೇ ಬೆರಳಿನಿಂದ ಕುಟ್ಟಿದ ಅರವತ್ತೆಂಟು ಪುಟ. ಅದನ್ನು ಪುಣೆಯ ಮೊಮ್ಮಗನಿಗೆ ಕಳಿಸಿದರೆ ಮಗಳ ಕಂಪ್ಯೂಟರಿನಲ್ಲಿ ಕನ್ನಡ ಕಾಣದೆ ಇಂಗ್ಲಿಷ್ ಅಕ್ಷರ, ಬಾಣ, ಚುಕ್ಕಿಗಳ ರಾಶಿ ಕಾಣುತ್ತಿತ್ತು. ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆದವರಿಗೆಲ್ಲ ಈ ಸಂಕಟ ಗೊತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ 'ನುಡಿ'. ಇವೆರಡೂ ಮನೆಮನೆಗೆ ಕನ್ನಡ ಮುಟ್ಟಿಸಿದವು, ಆ ಋಣ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದಂಥವು. ಫಾಂಟ್ ಇದ್ದಲ್ಲಿ ಕನ್ನಡ, ಇಲ್ಲದಲ್ಲಿ ಕಸ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಮಾಸ್ತರಂಥವರ ಬೆರಳಿಗೆ, ಕಡತಕ್ಕೆ ಅದಿನ್ನೂ ಬಂದಿರಲಿಲ್ಲ. "ಪಿಡಿಎಫ್ ಮಾಡಿ ಕಳಸ್ರಿ ಅಪ್ಪಾ," ಎಂದು ಮಗಳು ಹೇಳಿದ್ದಳು. ಮೊಮ್ಮಗನಿಗೆ ಕನ್ನಡ ಕನ್ನಡವಾಗಿಯೇ ಕಾಣಲಿ ಎಂಬ ಒಂದೇ ಆಸೆ ಅವರನ್ನು ಆ ಹಸಿರು ಗುಂಡಿಯವರೆಗೆ ಒಯ್ದಿತ್ತು.

ಪ್ಲಗ್ ಕಿತ್ತದ್ದು ಬರೀ ನಾಚಿಕೆಗಲ್ಲ, ಆ ಅರವತ್ತೆಂಟು ಪುಟ ಅಳಿಸಿಹೋದಾವು ಎಂಬ ಭಯಕ್ಕೆ. ಅದನ್ನು ಕೇಳಿದೊಡನೆ ಹುಡುಗ ಮಿಕ್ಕಿದ್ದೆಲ್ಲ ಬಿಟ್ಟು ಆ ಕಡತವನ್ನು ಎರಡೂ ಪೆನ್‌ಡ್ರೈವಿಗೆ ನಕಲು ಮಾಡಿ, ತೆಗೆದು ತೋರಿಸಿದ. ಮಾಸ್ತರು ಕೊನೆಯ ಪುಟದವರೆಗೆ ಸರಿಸಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತರು.

ಅಲ್ಲಿಂದ ಮುಂದಿನದು ಇಬ್ಬರ ಕೆಲಸ.

ಐದೂ ಪ್ರೋಗ್ರಾಮುಗಳನ್ನು ತೆಗೆದದ್ದಾಯಿತು. ತೆಗೆಯುವಾಗಲೂ ಒಂದು ಪ್ರೋಗ್ರಾಮು 'ಖಂಡಿತ ತೆಗೆಯಬೇಕೆ, ಇಲ್ಲ ಇನ್ನೊಂದನ್ನು ಕೊಡಲೇ' ಎಂದು ಕೇಳಿತು. ಅಲ್ಲಿ ದೊಡ್ಡ ಗುಂಡಿ ಒತ್ತಿದರೆ ಮತ್ತೊಂದು ಒಳಗೆ ಬರುತ್ತಿತ್ತು. ಮಾಸ್ತರು ಅದನ್ನು ಬರೆದುಕೊಂಡರು. ಹುಡುಗ ಪೆನ್‌ಡ್ರೈವಿನಿಂದ ಹೈಜ್ಯಾಕ್‌ದಿಸ್ ಎಂಬ ಪುಟ್ಟ ಸಾಧನ ಓಡಿಸಿದ. ಮೆರೈನ್ ಬೆಲ್ಲೆಕೊಮ್ ಎಂಬ ಡಚ್ ತರುಣ ಬರೆದ ಪ್ರೋಗ್ರಾಮ್ ಅದು. 2003ರ ಸುಮಾರಿಗೆ ಕೂಲ್‌ವೆಬ್‌ಸರ್ಚ್ ಎಂಬ ಅಪಹಾರಕ ಲೋಕವನ್ನೆಲ್ಲ ಕಾಡುತ್ತಿದ್ದಾಗ ಜನ ಈ ಸಾಧನವನ್ನು ನೆಚ್ಚಿಕೊಂಡಿದ್ದರು. 2007ರಲ್ಲಿ ಟ್ರೆಂಡ್ ಮೈಕ್ರೋ ಕಂಪನಿ ಕೊಂಡುಕೊಂಡಿತು, 2012ರಲ್ಲಿ ಅದರ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಯಿತು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅದು ಹೇಳುವುದಿಲ್ಲ. ಅಪಹಾರಕರು ಅಡಗುವ ಜಾಗಗಳಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ ಮುಂದಿಡುತ್ತದೆ, ಅಷ್ಟೆ. ಆರ್ 0, ಆರ್ 1 ಎಂದು ಶುರುವಾಗುವ ಸಾಲುಗಳು ತೆರೆಯುವ ಪುಟ, ಹುಡುಕುವ ಪುಟದ್ದು. ಓ 1 ಎಂದರೆ ಯಾವ ಹೆಸರಿಗೆ ಯಾವ ವಿಳಾಸ ಎಂದು ಯಂತ್ರದೊಳಗೇ ಬರೆದಿಡುವ ಹೋಸ್ಟ್ಸ್ ಕಡತ. ಓ 2, ಬ್ರೌಸರಿಗೆ ಅಂಟಿಕೊಳ್ಳುವ ಸಹಾಯಕ ತುಣುಕುಗಳು. ಓ 3, ಟೂಲ್‌ಬಾರ್. ಓ 4, ಯಂತ್ರ ಎದ್ದೊಡನೆ ತಾವೂ ಏಳುವಂಥವು. ಓ 23, ಹಿನ್ನೆಲೆಯಲ್ಲಿ ಸದಾ ಓಡುವ ಸೇವೆಗಳು.

ತೊಂಬತ್ತಕ್ಕೂ ಮಿಕ್ಕಿದ ಸಾಲು. ಪರದೆಯ ಮೇಲೆ ಓದಲು ಆಗದು ಎಂದು ಮಾಸ್ತರು ಮನೆಯ ಪ್ರಿಂಟರಿನಲ್ಲಿ ಮೂರು ಹಾಳೆ ಮುದ್ರಿಸಿಕೊಂಡು, ಕೆಂಪು ಪೆನ್ನು ತೆಗೆದರು. ಇಂಗ್ಲಿಷ್‌ನ ಆ ಗೋಜಲು ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಮೂವತ್ತನಾಲ್ಕು ವರ್ಷ ನಲವತ್ತೈದು ಮಕ್ಕಳ ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪು ಎಲ್ಲೆಲ್ಲಿ ಮರುಕಳಿಸಿದೆ, ಯಾರು ಯಾರದನ್ನು ನೋಡಿ ಬರೆದಿದ್ದಾರೆ ಎಂದು ಹುಡುಕಿದ ಕಣ್ಣು ಅದು. ಹತ್ತು ನಿಮಿಷಕ್ಕೆ ಒಂದು ಹೆಸರಿನ ಕೆಳಗೆ ಗೆರೆ ಎಳೆದರು.

"ಈ ಫೋಲ್ಡರಿನ ಹೆಸರು ನೋಡು. ಓ ಎರಡರಾಗ ಅದ, ಓ ಮೂರರಾಗ ಅದ, ಓ ನಾಕರಾಗ ಎರಡ ಸಲ ಅದ, ಇಪ್ಪತ್ಮೂರರಾಗೂ ಅದ. ಪ್ರೋಗ್ರಾಮ್ ತಗದಿ ಅಂದಿ. ತಗದಿದ್ರ ಇದು ಯಾಕ ಉಳೀತು?"

ಅನುಮಾನದವು ಒಟ್ಟು ಹನ್ನೊಂದು ಸಾಲು. ಓ 23ರಲ್ಲಿದ್ದ ಸೇವೆಯೇ ಹಲಗೆ ತಿರುಗಿಸುತ್ತಿದ್ದ ಕೈ. ಬ್ರೌಸರ್ ಮುಚ್ಚಿದಾಗಲೂ ಎಚ್ಚರವಿದ್ದು, ಹೋಮ್‌ಪೇಜ್ ಬದಲಾದರೆ ಮತ್ತೆ ತನ್ನದನ್ನೇ ಬರೆಯುತ್ತಿತ್ತು. ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಉಳಿದ ಸಾಲುಗಳಿಗೆ ಗುರುತು ಹಾಕಿ ತೆಗೆದರು. ಕ್ರಮ ತಪ್ಪಿದರೆ ಶ್ರಮ ವ್ಯರ್ಥ. ಅಂಗಡಿಯಲ್ಲಿ ಹೊಸದಾಗಿ ಸೇರಿದಾಗ ಅವನು ಇಂಥದೇ ಪಟ್ಟಿಯಲ್ಲಿ ಓ 10ರ ಸಾಲೊಂದನ್ನು ಅರಿಯದೆ ಅಳಿಸಿ, ಗಿರಾಕಿಯೊಬ್ಬರ ಇಂಟರ್ನೆಟ್ಟನ್ನೇ ಕತ್ತರಿಸಿಬಿಟ್ಟಿದ್ದ. ಜಾಲದ ದಾರಿಯಲ್ಲಿ ಸರಪಳಿಯಂತೆ ಕೂತ ತುಣುಕುಗಳವು; ನಡುವಿನ ಕೊಂಡಿ ಕಿತ್ತರೆ ಸರಪಳಿಯೇ ಬಿಚ್ಚಿಹೋಗುತ್ತದೆ. ಆ ನೆನಪಿಗೆ ಈ ಸಲ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಮಾಸ್ತರು ಹೂಂ ಅಂದ ಮೇಲೆಯೇ ಮುಂದೆ ಹೋದ.

ಓ 17ರ ಮುಂದೆ ಒಂದಿಷ್ಟು ಅಂಕಿಗಳಿದ್ದವು. ಹುಡುಗನ ಎದೆ ಧಸಕ್ಕೆಂದಿತು. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರುಗಳ ಅಂಕಿ ಅದು. ಅದನ್ನೇ ಬದಲಿಸಿದರೆ ಬ್ಯಾಂಕಿನ ಹೆಸರು ಟೈಪಿಸಿದವನನ್ನು ಬೇರೆಲ್ಲಿಗೋ ಕಳಿಸಬಹುದು. ಎಸ್ಟೋನಿಯಾದ ಗುಂಪೊಂದು ಡಿಎನ್‌ಎಸ್ ಚೇಂಜರ್ ಎಂಬ ಕುತಂತ್ರಾಂಶದಿಂದ ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳಲ್ಲಿ ಇದನ್ನೇ ಮಾಡಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಆ ಗುಂಪನ್ನು ಹಿಡಿಸಿತು. ಆದರೆ ಕಳ್ಳ ಸರ್ವರುಗಳನ್ನು ತಟ್ಟನೆ ಆರಿಸಿದರೆ ಅವುಗಳನ್ನೇ ನಂಬಿದ್ದ ಮನೆಗಳಿಗೆಲ್ಲ ಇಂಟರ್ನೆಟ್ ನಿಲ್ಲುತ್ತದೆ. ಅದಕ್ಕೇ ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರುಗಳನ್ನು ಕೂರಿಸಿ, 2012ರ ಜುಲೈ 9ರವರೆಗೆ ನಡೆಸಿ ನಿಲ್ಲಿಸಿದರು. 85.255.112ರಿಂದ ಶುರುವಾಗುವ ಕಳ್ಳ ವಿಳಾಸಗಳ ಸಾಲು ಅವನಿಗೆ ಬಾಯಿಪಾಠವಿತ್ತು.

ಮಾಸ್ತರ ಹಾಳೆಯ ಮೇಲಿನ ಅಂಕಿ ಅದಲ್ಲ. ಬ್ರಾಡ್‌ಬ್ಯಾಂಡ್ ಬಿಲ್ಲಿನ ಮೇಲಿದ್ದ ಸಹಾಯವಾಣಿಗೆ ಫೋನ್ ಹಚ್ಚಿ ಕೇಳಿದಾಗ ಅವು ಅವರದೇ ಸರ್ವರುಗಳೆಂದು ತಿಳಿಯಿತು. ಅನುಮಾನ ಸುಳ್ಳಾಯಿತು, ಆದರೆ ಅದರ ನೆಪದಲ್ಲಿ ಮೊಡೆಮ್‌ನ ಒಳಗೂ ಇಣುಕಿದ್ದು ಒಳ್ಳೆಯದಾಯಿತು. ಅದರ ಹೆಸರೂ ಅಡ್ಮಿನ್, ಗುಪ್ತಪದವೂ ಅಡ್ಮಿನ್. ಬಂದ ದಿನದಿಂದ ಯಾರೂ ಬದಲಿಸಿರಲಿಲ್ಲ. ಮಾಸ್ತರು ಯೋಚಿಸಿ ಹೊಸ ಗುಪ್ತಪದ ಕೊಟ್ಟರು. ನಾಲ್ಕು ವರ್ಷದ ನಂತರ, 2017ರ ಜುಲೈನಲ್ಲಿ, ಕರ್ನಾಟಕದ ಬಿಎಸ್ಸೆನ್ನೆಲ್ ಗ್ರಾಹಕರ ಮೊಡೆಮ್‌ಗಳ ಮೇಲೆ ಕುತಂತ್ರಾಂಶದ ದಾಳಿಯಾಗಿ, ಬದಲಿಸದೇ ಉಳಿದ ಮೂಲ ಗುಪ್ತಪದಗಳನ್ನು ಬದಲಿಸಿಕೊಳ್ಳಿ ಎಂದು ಸಂಸ್ಥೆ ಜನರಿಗೆ ಹೇಳಬೇಕಾಗಿ ಬಂದಾಗ, ಹುಡುಗನಿಗೆ ಈ ಮಧ್ಯಾಹ್ನ ನೆನಪಾಯಿತು.

ಹೊತ್ತು ನಾಲ್ಕಾಗಿತ್ತು. ಕಾಕು ಅವಲಕ್ಕಿ ಒಗ್ಗರಣೆ ಹಾಕಿ ಚಹಾದ ಜೊತೆ ತಂದಿಟ್ಟರು. ಎಲ್ಲ ತೆಗೆದಾಗಿದೆ, ಯಂತ್ರ ಆರಿಸಿ ಹಚ್ಚಿಯೂ ಆಗಿದೆ. ಹುಡುಗ ಡೆಸ್ಕ್‌ಟಾಪಿನ ಮೇಲಿದ್ದ ಕ್ರೋಮ್ ಚಿತ್ರವನ್ನು ಒತ್ತಿದ.

ಅದೇ ಪುಟ.

ಅವನು ಸೋತು ಕುರ್ಚಿಗೆ ಒರಗಿದ. ಪೂರ್ತಿ ಅಳಿಸಿ ವಿಂಡೋಸನ್ನೇ ಹೊಸದಾಗಿ ಹಾಕಿಬಿಡೋಣ ಎಂದ. ಅಂಗಡಿಯಲ್ಲಾಗಿದ್ದರೆ ಅದನ್ನೇ ಮಾಡುತ್ತಿದ್ದರು. ಮಾಸ್ತರು ಒಪ್ಪಲಿಲ್ಲ. "ತಡಿ. ಸೆಟ್ಟಿಂಗ್ಸ್‌ನಾಗ ಏನದ?" ಸೆಟ್ಟಿಂಗ್ಸ್‌ನಲ್ಲಿ ಗೂಗಲ್ಲೇ ಇತ್ತು. "ಹಂಗಾರ ಅದು ಗೂಗಲ್ ತಗೀಬೇಕು, ಬ್ಯಾರೆ ತಗೀತದ. ಕ್ರೋಮ್ ತಗಿಲಿಕ್ಕೆ ಬ್ಯಾರೆ ದಾರಿ ಅದೇನು?" ಇತ್ತು. ಹುಡುಗ ವಿಂಡೋಸ್ ಕೀಲಿ, ಆರ್ ಒತ್ತಿ, ಬಂದ ಚಿಕ್ಕ ಪೆಟ್ಟಿಗೆಯಲ್ಲಿ ಕ್ರೋಮ್ ಎಂದು ಟೈಪಿಸಿದ. ಗೂಗಲ್ ಬಂತು. ಡೆಸ್ಕ್‌ಟಾಪಿನ ಚಿತ್ರ ಒತ್ತಿದ, ಕೆಟ್ಟ ಪುಟ. ಮತ್ತೆ ಪೆಟ್ಟಿಗೆಯಿಂದ, ಗೂಗಲ್.

"ಮನಿ ಒಂದ. ಒಂದ ಬಾಗಲದಿಂದ ಹೋದ್ರ ಸರಿ, ಇನ್ನೊಂದರಿಂದ ಹೋದ್ರ ತಪ್ಪು. ದೋಷ ಮನ್ಯಾಗಿಲ್ಲ, ಬಾಗಲದಾಗದ."

ಆ ಚಿತ್ರದ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆಗೆದು, 'ಟಾರ್ಗೆಟ್' ಎಂಬ ಕಿರಿದಾದ ಪೆಟ್ಟಿಗೆಯೊಳಗೆ ಕರ್ಸರ್ ಇಟ್ಟು ಬಲಕ್ಕೆ ಸರಿಸುತ್ತ ಹೋದರು. ಸಿ ಡ್ರೈವ್, ಪ್ರೋಗ್ರಾಮ್ ಫೈಲ್ಸ್, ಗೂಗಲ್, ಕ್ರೋಮ್, ಅಪ್ಲಿಕೇಶನ್, ಕ್ರೋಮ್ ಡಾಟ್ ಇಎಕ್ಸ್‌ಇ. ಅಲ್ಲಿಗೆ ಉದ್ಧರಣ ಚಿಹ್ನೆ ಮುಗಿಯಬೇಕು, ಸಾಲೂ ಮುಗಿಯಬೇಕು. ಮುಗಿದಿರಲಿಲ್ಲ. ಒಂದು ತೆರಪು ಬಿಟ್ಟು, ಆ ಹುಡುಕು ಪುಟದ ಪೂರ್ತಿ ವಿಳಾಸ ಅಂಟಿಕೊಂಡಿತ್ತು. ಪೆಟ್ಟಿಗೆ ಕಿರಿದಾದ್ದರಿಂದ ಸರಿಸಿ ನೋಡದವರಿಗೆ ಅದು ಕಾಣುವಂತಿರಲಿಲ್ಲ. ಸಮೀಕರಣದ ಕೊನೆಗೆ ಯಾರೋ ಒಂದು ಪದ ಸೇರಿಸಿ ಉತ್ತರ ಕೆಡಿಸಿದ್ದರು.

ಅಳಿಸಿದ್ದು ಮಾಸ್ತರೇ. ಬ್ಯಾಕ್‌ಸ್ಪೇಸ್ ಕೀಲಿಯ ಮೇಲೆ ತೋರುಬೆರಳಿಟ್ಟು ಒಂದೊಂದೇ ಅಕ್ಷರ. ಆಮೇಲೆ ಕೆಳಗಿನ ಪಟ್ಟಿಯಲ್ಲಿದ್ದ ಕ್ರೋಮ್ ಚಿತ್ರ, ಸ್ಟಾರ್ಟ್ ಮೆನುವಿನದು, ಎಕ್ಸ್‌ಪ್ಲೋರರಿನದು. ಎಲ್ಲದರ ಬಾಲಕ್ಕೂ ಅದೇ ವಿಳಾಸ ಕಟ್ಟಿದ್ದರು, ಎಲ್ಲವನ್ನೂ ಕತ್ತರಿಸಿದರು. ಕೊನೆಗೆ ಇಂಥ ಕಸ ಗುಡಿಸುವ ಆಡ್‌ಡಬ್ಲ್ಯೂಕ್ಲೀನರ್ ಎಂಬ ಸಾಧನ ಓಡಿಸಿ ಇನ್ನೇನಾದರೂ ಉಳಿದಿದೆಯೇ ಎಂದು ನೋಡಿಕೊಂಡರು. ಹೋಸ್ಟ್ಸ್ ಕಡತ ಸ್ವಚ್ಛವಿತ್ತು. ಮರುದಿನ ಅಂಗಡಿಯ ಯಂತ್ರದಿಂದ ಮಾಸ್ತರ ಇಮೇಲಿನ ಗುಪ್ತಪದವನ್ನೂ ಬದಲಿಸಿದ್ದಾಯಿತು. ಕೆಟ್ಟಿದ್ದ ಯಂತ್ರದಲ್ಲೇ ಬದಲಿಸುವುದು ಜಾಣತನವಲ್ಲ.

ಸಂಜೆ ಐದೂವರೆಗೆ ಸ್ಕೈಪ್ ಗಂಟೆ ಬಾರಿಸಿತು. ಪುಣೆಯ ಮೊಮ್ಮಗ, "ಅಜ್ಜಾ, ಎಲ್ಲೆ ಹೋಗಿದ್ರಿ?" ಎಂದ. ಒಗಟಿನ ಪಿಡಿಎಫ್ ಆ ರಾತ್ರಿಯೇ ಹೋಯಿತು, ನಂಬಿಕಸ್ಥ ಮೂಲದಿಂದ ಇಳಿಸಿಕೊಂಡ ಬೇರೊಂದು ಪ್ರೋಗ್ರಾಮಿನಿಂದ. ಅದನ್ನು ಇನ್‌ಸ್ಟಾಲ್ ಮಾಡುವಾಗ 'ಕಸ್ಟಮ್' ಎಂಬುದನ್ನು ಆರಿಸಿ, ಮೊದಲೇ ಟಿಕ್ ಹಾಕಿದ್ದ ಒಂದು ಚೌಕವನ್ನು ಮಾಸ್ತರು ತಾವೇ ಕಂಡುಹಿಡಿದು ತೆಗೆದರು.

ಈಗ ಹಿಂತಿರುಗಿ ನೋಡಿದರೆ ಆ ವರ್ಷ ಇಂಥ ಕಾಟದ ಬೆಳೆ ಹುಲುಸಾಗಿದ್ದ ಕಾಲ. ಕ್ರೋಮ್‌ನಲ್ಲಿ ಎಲ್ಲವನ್ನೂ ಮೊದಲಿನಂತೆ ಮಾಡುವ ಗುಂಡಿ ಬಂದದ್ದು ಆ ಆಗಸ್ಟ್ ತಿಂಗಳಲ್ಲಷ್ಟೇ. ತನ್ನದೇ ವೆಬ್ ಸ್ಟೋರಿನ ಹೊರಗಿನಿಂದ ಬಂದ ಎಕ್ಸ್‌ಟೆನ್ಷನ್‌ಗಳನ್ನು ವಿಂಡೋಸ್‌ನಲ್ಲಿ ಅದು ತಡೆಹಿಡಿದದ್ದು 2014ರ ಮೇ ತಿಂಗಳಿಂದ. ಆದರೂ 2017ರ ಜೂನ್ 1ರಂದು ಚೆಕ್ ಪಾಯಿಂಟ್ ಎಂಬ ಇಸ್ರೇಲಿ ಭದ್ರತಾ ಸಂಸ್ಥೆ 'ಫೈರ್‌ಬಾಲ್' ಎಂಬ ಅಪಹಾರಕದ ಬಗ್ಗೆ ವರದಿ ಹೊರಡಿಸಿ, ಲೋಕದಲ್ಲಿ 25 ಕೋಟಿ ಕಂಪ್ಯೂಟರುಗಳಿಗೆ ಅದು ಹೊಕ್ಕಿದೆ, 2.53 ಕೋಟಿಯೊಂದಿಗೆ ಭಾರತವೇ ಮೊದಲು ಎಂದಿತು. ಈ ಲೆಕ್ಕ ವಿಪರೀತ ಉಬ್ಬಿದ್ದೆಂದು ಅದೇ ತಿಂಗಳು ಮೈಕ್ರೋಸಾಫ್ಟ್ ತಕರಾರು ತೆಗೆಯಿತು. ಯಾರ ಲೆಕ್ಕ ಎಷ್ಟೇ ಇರಲಿ, ಅದು ಮನೆ ಹೊಕ್ಕ ದಾರಿ ಮಾತ್ರ ಮಾಸ್ತರ ವಹಿಯಲ್ಲಿ ಬರೆದಿದ್ದ ದಾರಿಯೇ: ಬೇಕಾದ ಒಂದು ಉಚಿತ ಪ್ರೋಗ್ರಾಮ್, ಅದರ ಸೆರಗು ಹಿಡಿದು ಬಂದ ಬೇಡದ ಇನ್ನೊಂದು. ಅದೇ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸೈಬರ್ ಸ್ವಚ್ಛತಾ ಕೇಂದ್ರ ತೆರೆದು, ಕಂಪ್ಯೂಟರ್ ತೊಳೆಯುವ ಸಾಧನಗಳನ್ನು ಜನರಿಗೆ ಪುಕ್ಕಟೆ ಕೊಡತೊಡಗಿತ್ತು. ಅಂಗಡಿಗೆ ಬರುವ ಹಿರಿಯರಿಗೆ ಹುಡುಗ ಅದನ್ನು ತೋರಿಸಿಕೊಡುತ್ತಿದ್ದ.

ಆದರೆ ಅವನ ಕೆಲಸದಲ್ಲಿ ನಿಜವಾಗಿ ಬದಲಾದದ್ದು ಬೇರೆ. ಅಂಗಡಿಯ ಮೇಜಿನ ಮೇಲೆ ಅವನು ಒಂದು ಪ್ಯಾಡು, ಪೆನ್ನು ಇಟ್ಟ. ಯಂತ್ರ ತಂದವರನ್ನು ಕೂರಿಸಿ, ನೀರು ಕೊಟ್ಟು, "ಮೊದಲ ಯಾವಾಗ ಬ್ಯಾರೆ ಅನಿಸ್ತು ಹೇಳ್ರಿ," ಎಂದು ಕೇಳತೊಡಗಿದ. ಬೈದವನ ಮುಂದೆ ಯಾರೂ ನೆನಪು ಬಿಚ್ಚುವುದಿಲ್ಲ, ನೆನಪು ಬಿಚ್ಚದೆ ದಿನಾಂಕ ಸಿಗುವುದಿಲ್ಲ, ದಿನಾಂಕ ಸಿಗದಿದ್ದರೆ ತೊಂಬತ್ತು ಸಾಲಿನಲ್ಲಿ ಹನ್ನೊಂದನ್ನು ಆರಿಸುವುದು ಕುರುಡಾಟ. ಎರಡು ತಾಸು ಮಾಸ್ತರು ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕೂತದ್ದು ನೆನಪಾದರೆ ಅವನಿಗೆ ಇಂದಿಗೂ ಸಂಕಟವಾಗುತ್ತದೆ.

2021ರ ಏಪ್ರಿಲ್. ಕೊರೊನಾದ ಎರಡನೆಯ ಅಲೆ. ಮಾಸ್ತರು ಲಸಿಕೆಯ ಸರದಿಯಲ್ಲಿ ನಿಂತಿದ್ದರು. ಮನೆಯಲ್ಲಿ ಕಾಕು ಒಬ್ಬರೇ, ಎದುರಿಗೆ ಮಗಳು ಕಳಿಸಿದ್ದ ಲ್ಯಾಪ್‌ಟಾಪ್. ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು, ಸೈರನ್ನಿನ ಕೂಗು, ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಆರಿಸಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂಬ ಇಂಗ್ಲಿಷ್ ಹೆಂಗಸಿನ ದನಿ. ಆ ನಂಬರಿನ ಆಚೆ ಕೂತವರು ಹೆದರಿದವರಿಂದ ದುಡ್ಡು ಸುಲಿಯುವವರು. ಇಂಥ ಜಾಲಗಳನ್ನು ಹಿಡಿಯಲು ಸಿಬಿಐ 2023ರ ಅಕ್ಟೋಬರಿನಲ್ಲಿ ಆಪರೇಶನ್ ಚಕ್ರ-2 ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ದುಡ್ಡು ಕಳಕೊಂಡವರು ತಡಮಾಡದೆ ಕರೆಯಬೇಕಾದ ಸಂಖ್ಯೆ ಈಗ 1930. ಆ ಬೆಳಿಗ್ಗೆ ಕಾಕುವಿಗೆ ಇದಾವುದೂ ಗೊತ್ತಿರಲಿಲ್ಲ. ಅವರು ಪರದೆ ಹೇಳಿದ ನಂಬರಿಗೆ ಫೋನ್ ಮಾಡಲಿಲ್ಲ. ಕಪಾಟಿನಿಂದ ವಹಿ ತೆಗೆದರು. ಅದು ಅಷ್ಟರಲ್ಲಿ ಮೂರನೆಯ ವಹಿ, ಎರಡು ಬಗೆಯ ಕೈಬರಹದ್ದು. ಬರೆದು ಮುಗಿಸಿ ಹುಬ್ಬಳ್ಳಿಗೆ ಹಚ್ಚಿದರು. ಸೈರನ್ ಇನ್ನೂ ಕೂಗುತ್ತಲೇ ಇತ್ತು.

"ಓದತೀನಿ, ಕೇಳು," ಎಂದರು. "ಹನ್ನೊಂದು ಹತ್ತಕ್ಕ ದಾಸರ ಪದ ಕೇಳಲಿಕ್ಕೆ ಕೂತೆ. ಹನ್ನೊಂದು ಹದಿನೈದಕ್ಕ ಬಾಜೂಕಿನ ಚಿತ್ರದ ಮ್ಯಾಲೆ ಕೈ ಬಡೀತು. ಹೊಸಾ ಪುಟ ಬಂತು. ಅಲೌ ಅಂತ ಕೇಳ್ತು, ಅಲೌ ಒತ್ತಿದೆ. ಹದಿನಾರಕ್ಕ ಕೆಂಪಾತು. ಆಮ್ಯಾಲೆ ಏನೂ ಒತ್ತಿಲ್ಲ."

ಅವನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ, ತನ್ನ ಪ್ಯಾಡಿನ ಮೇಲೆ ನಾಲ್ಕು ಸಾಲು ಬರೆದುಕೊಂಡ.

"ಭಾಳ ಚಲೋ ಮಾಡೀರಿ ಕಾಕು. ಈಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡೇ ಒತ್ರಿ."

"ತಡಿಯೋ, ಮೊದಲ ಬರಕೊಳ್ಳತೀನಿ."